ಅಜ್ಜಿ ಹೊಲಿದ ಬೂರುಗದ ದಿಂಬು: ಅಮ್ಮನಿಗೆ ಏನಂತ ಹೇಳಲಿ?

ಮಳೆಗಾಲದ ಮಾಣಿ
ಎಲ್ಲರಿಗೂ ನಮಸ್ಕಾರ. ಬೇರೆ ಹೆಸರಲ್ಲಿ ಬರೆಯುತ್ತಿದ್ದೇನೆ. ಊರಿನವರು ಯಾರಾದರೂ ಗುರುತು ಹಿಡಿದರೆ ದಯವಿಟ್ಟು ಸುಮ್ಮನಿದ್ದುಬಿಡಿ. ವಯಸ್ಸು 28. ಕೆಲಸ ಬೆಂಗಳೂರಿನ ಕಂಪನಿಯದ್ದು, ಆದರೆ ಎರಡು ವರ್ಷದಿಂದ ತೀರ್ಥಹಳ್ಳಿ ಹತ್ತಿರದ ಮನೆಯಲ್ಲೇ ಕೂತು ಮಾಡುತ್ತಿದ್ದೇನೆ. ಮನೆಯಲ್ಲಿ ಅಪ್ಪ, ಅಮ್ಮ, ನಾನು.

ನನ್ನ ಹತ್ತಿರ ಒಂದು ಪುಟ್ಟ ದಿಂಬಿದೆ. ಒಂದು ಗೇಣು ಉದ್ದ ಅಷ್ಟೇ. ಒಳಗೆ ಬೂರುಗದ ಹತ್ತಿ, ಮೇಲೆ ಅಜ್ಜಿಯ ಹಳೇ ಸೀರೆಯ ಬಟ್ಟೆ. ನಾನು ಹುಟ್ಟಿದಾಗ ಅಜ್ಜಿ ಹೊಲಿದಿದ್ದು. ಅದರ ಒಂದು ಮೂಲೆಯನ್ನು ಹೆಬ್ಬೆರಳಲ್ಲಿ ಸವರುತ್ತಾ ಮಲಗೋದು ನನ್ನ ಅಭ್ಯಾಸ. ಸವೆದು ಸವೆದು ಆ ಮೂಲೆ ಕರುವಿನ ಕಿವಿ ತರ ನುಣ್ಣಗಾಗಿದೆ. ಹಾಸ್ಟೆಲ್‌ನಲ್ಲಿ ಏಳು ವರ್ಷ, ಪಿಜಿಯಲ್ಲಿ ಮೂರು ವರ್ಷ ಜೊತೆಗಿತ್ತು. ಬನಿಯನ್ನುಗಳ ಮಧ್ಯೆ ಸುತ್ತಿಟ್ಟಿರುತ್ತಿದ್ದೆ, ಯಾರಿಗೂ ಸಿಕ್ಕಿರಲಿಲ್ಲ. ಸಿಕ್ಕಿಬಿದ್ದಿದ್ದು ಮನೆಯಲ್ಲಿ!

ಮೊನ್ನೆ ಬೂಷ್ಟು ಬಂದಿದೆ ಅಂತ ಅಮ್ಮ ನನ್ನ ಹಾಸಿಗೆ ಎತ್ತಿ ಕೊಡವಿದರು. ಗೋಡೆ ಸಂದಿಯಿಂದ ಇದು ಕೆಳಗೆ ಬಿತ್ತು. "ಎಂತದೋ ಇದು? ಇನ್ನೂ ಇದ್ಯಾ ಇದು?" ಅಂದರು. ಮೀಟಿಂಗ್ ನಡೀತಿತ್ತು, ಗಾಬರಿಯಲ್ಲಿ "ಲ್ಯಾಪ್‌ಟಾಪ್ ಒರೆಸೋಕೆ ಇಟ್ಕೊಂಡಿದ್ದೆ" ಅಂದುಬಿಟ್ಟೆ. ಅವರು ಮೂಸಿ ನೋಡಿ ಮುಖ ಕಿವಿಚಿ, "ಭಾನುವಾರ ಸೋಪಿನ ನೀರಲ್ಲಿ ನೆನೆಹಾಕ್ತೀನಿ, ಹೋಗದಿದ್ರೆ ಬಚ್ಚಲ ಒಲೆಗೆ" ಅಂದರು. ಸದ್ಯ ಅದು ಕಪಾಟಿನ ಮೇಲಿದೆ, ಭಾನುವಾರಕ್ಕೆ ಮೂರು ದಿನ ಇದೆ.

ಒಗೆದರೆ ಅದು ಅದಾಗಿರಲ್ಲ. ಆದರೆ ಈ ವಯಸ್ಸಿನಲ್ಲಿ ಅಮ್ಮನ ಎದುರು ನಿಂತು "ನನಗೆ ಇದಿಲ್ಲದೆ ನಿದ್ದೆ ಬರಲ್ಲ" ಅಂತ ಹೇಗೆ ಹೇಳೋದು? ಮನೆಯಲ್ಲಿ ಹೆಣ್ಣು ಹುಡುಕ್ತಾ ಇದ್ದಾರೆ ಬೇರೆ. ನಿಮ್ಮಲ್ಲಿ ಯಾರಾದರೂ ಇಂಥದ್ದು ಮನೆಯಲ್ಲಿ ಹೇಳಿದ್ದೀರಾ?

ಕೊಟ್ಟೆಕಡುಬು
ದಿಂಬಲ್ಲಿ ಲ್ಯಾಪ್‌ಟಾಪ್ ಒರೆಸೋದಾ ಮಾರಾಯಾ 😂 ಇದಕ್ಕಿಂತ ಒಳ್ಳೇ ಸುಳ್ಳು ಸಿಗಲಿಲ್ವಾ?

ಗಾಂಧಿಬಜಾರ್ ಗಿರಾಕಿ
ಕತ್ತು ನೋವು, ಡಾಕ್ಟ್ರು ಸಣ್ಣ ದಿಂಬು ಇಟ್ಕೊಳ್ಳಿ ಅಂದಿದ್ದಾರೆ ಅಂತ ಹೇಳಿ. ಮುಗೀತು.

ಕೊಟ್ಟೆಕಡುಬು
ಹಾಗಂದ್ರೆ ಅಮ್ಮ ನಾಳೆಯಿಂದ ಕತ್ತಿಗೆ ಎಣ್ಣೆ ಕಾಯಿಸಿ ತಿಕ್ಕೋಕೆ ಶುರು ಮಾಡ್ತಾರೆ. ಒಂದು ಸುಳ್ಳಿಗೆ ನಲವತ್ತು ದಿನದ ಎಣ್ಣೆ ಸ್ನಾನ.

ಬೇಲಿಗೂಟ
28 ವರ್ಷದ ಗಂಡಸು. ಆರಿದ್ರಾ ಮಳೆ ಹೊಡೀತಾ ಇದೆ, ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋಕೆ ಒಂದು ದಿನ ಬಿಡುವು ಸಿಗ್ತಿಲ್ಲ, ಮರ ಹತ್ತೋ ಕೊನೆಗಾರರು ಫೋನ್ ಎತ್ತಲ್ಲ. ಇಲ್ಲಿ ನೋಡಿದ್ರೆ ದಿಂಬಿನ ಚಿಂತೆ. ಒಲೆಗೆ ಹಾಕಿ, ಎರಡು ದಿನ ನಿದ್ದೆ ಬರಲ್ಲ, ಮೂರನೇ ದಿನ ಬರುತ್ತೆ. ನಮಗೆಲ್ಲ ದಿಂಬೇ ಇರಲಿಲ್ಲ, ಕಂಬಳಿ ಮಡಚಿ ತಲೆ ಕೆಳಗೆ ಇಟ್ಕೊಂಡು ಬೆಳೆದೋರು.

ಹಲಸಿನ ಹಪ್ಪಳ
ಬೇಲಿಗೂಟ ಅವರೇ, ತಮ್ಮ ಎಲೆ ಅಡಿಕೆ ಸಂಚಿ ಕಾಣದಿದ್ರೆ ಮನೇಲಿ ಏನಾಗುತ್ತೆ ಸ್ವಲ್ಪ ಹೇಳಿ?

ಬೇಲಿಗೂಟ
ಸಂಚಿ ಬೇರೆ, ದಿಂಬು ಬೇರೆ.

ಹಲಸಿನ ಹಪ್ಪಳ
ಹೇಗೆ ಬೇರೆ? ನನ್ನಪ್ಪ ಕವಳ ಹಾಕೋದು ಬಿಟ್ಟು ಆರು ವರ್ಷ ಆಯ್ತು. ಸಂಚಿ ಇನ್ನೂ ಸೊಂಟದಲ್ಲೇ ಇದೆ. ಒಳಗೆ ಅಡಕತ್ತರಿ ಮಾತ್ರ. ಕೂತಲ್ಲೆಲ್ಲ ತೆಗೆದು ಟಕ್ ಟಕ್ ಮಾಡ್ತಿರ್ತಾರೆ, ಏನೂ ಕತ್ತರಿಸಲ್ಲ. ನಾವ್ಯಾರೂ ಅದರ ಬಗ್ಗೆ ಕೇಳಲ್ಲ. ಗಂಡಸರ ಸಂಚಿಗೆ ಮರ್ಯಾದೆ, ದಿಂಬಿಗೆ ಮಾತ್ರ ನಗು.

ಎರಡನೇ ಶಿಫ್ಟು
ನಂದು ಸ್ವಲ್ಪ ಬೇರೆ ಕಥೆ. ಬೆಂಗಳೂರಲ್ಲಿದ್ದಾಗ ಭಾರದ ಹೊದಿಕೆ ಅಂತ ಸಿಗುತ್ತಲ್ಲ, ಒಳಗೆ ಗಾಜಿನ ಮಣಿ ತುಂಬಿರ್ತಾರೆ, ಅದನ್ನ ತಗೊಂಡೆ. ನಮ್ಮ ತೂಕದ ಹತ್ತನೇ ಒಂದು ಭಾಗ ಇರಬೇಕು ಅಂತಾರೆ, ನಂದು 6 ಕೆಜಿ. ನಿದ್ದೆಗೆ ನಿಜವಾಗ್ಲೂ ಒಳ್ಳೇದಾಯ್ತು. ಸಾಗರದ ಮನೆಗೆ ತಂದಾಗ ಅಮ್ಮ ಒಗೆಯೋಕೆ ಅಂತ ಎತ್ತಿದರು, ಎತ್ತೋಕೆ ಆಗಲಿಲ್ಲ. "ದುಡ್ಡು ಕೊಟ್ಟು ಕಲ್ಲು ಹೊದ್ಕೊಂಡು ಮಲಗ್ತಾಳೆ" ಅಂತ ಊರೆಲ್ಲ ಹೇಳಿದ್ರು. ನಾನು ಮೊಬೈಲ್ ತೋರಿಸಿ, ನರಮಂಡಲ ಅದೂ ಇದೂ ಅಂತ ಅರ್ಧ ಗಂಟೆ ವಿವರಿಸಿದೆ. ತಪ್ಪಾಗಿದ್ದೇ ಅಲ್ಲಿ. ವಿವರಿಸಿದಷ್ಟೂ ಅವರಿಗೆ ಇವಳಿಗೆ ಏನೋ ಕಾಯಿಲೆ ಇದೆ ಅನಿಸೋಕೆ ಶುರುವಾಯ್ತು. ಒಂದು ವಾರ ದಿನಾ ಫೋನ್ ಮಾಡಿ "ಊಟ ಸೇರ್ತಾ ಇದ್ಯಾ" ಅಂತ ಕೇಳಿದ್ರು.

ಹಾಗಾಗಿ ನನ್ನ ಸಲಹೆ: ವಿವರಿಸಬೇಡಿ.

ಮಂಡಗದ್ದೆ ಹಕ್ಕಿ
ಬಿ.ಎಡ್ ಓದುವಾಗ ಇದು ನಮಗೆ ಪಾಠವಾಗಿತ್ತು, ಅದಕ್ಕೇ ಬರೀತಿದ್ದೇನೆ. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನ ಮಕ್ಕಳ ಡಾಕ್ಟರ್ ಇದ್ದರು, ಮನೋವಿಶ್ಲೇಷಕರೂ ಹೌದು. ಮಗು ಒಂದು ಬಟ್ಟೆ ತುಂಡನ್ನೋ ಬೊಂಬೆಯನ್ನೋ ಹಿಡಿದು ಬಿಡಲ್ಲ ಅಂತ ಹಟ ಮಾಡುತ್ತಲ್ಲ, ಅದರ ಮೇಲೆ 1951ರಲ್ಲಿ ಒಂದು ಪ್ರಬಂಧ ಓದಿದರು. ಅಚ್ಚಾಗಿದ್ದು 1953ರಲ್ಲಿ. ಅಮ್ಮನಿಗೂ ಹೊರಗಿನ ಪ್ರಪಂಚಕ್ಕೂ ನಡುವೆ ಮಗು ಇಟ್ಟುಕೊಳ್ಳೋ ವಸ್ತು ಅದು ಅಂತ ಅವರ ವಾದ.

ಈ ಚರ್ಚೆಗೆ ಬೇಕಾದ ಮಾತು ಅದರಲ್ಲೇ ಇದೆ. ತಾಯಂದಿರು ಆ ಬಟ್ಟೆ ಕೊಳೆಯಾದರೂ ನಾತ ಬಂದರೂ ತೊಳೆಯದೆ ಬಿಡ್ತಾರೆ, ಯಾಕಂದ್ರೆ ತೊಳೆದರೆ ಮಗುವಿನ ಅನುಭವ ಅಲ್ಲಿಗೆ ತುಂಡಾಗುತ್ತೆ ಅಂತ ಅವರಿಗೆ ಗೊತ್ತಿರುತ್ತೆ ಅನ್ನುತ್ತಾರೆ ವಿನಿಕಾಟ್. ನಿಮ್ಮ ಭಾನುವಾರದ ಸಮಸ್ಯೆ ಇದೇ ಅಲ್ವಾ?

ಗಾಂಧಿಬಜಾರ್ ಗಿರಾಕಿ
ಅದು ಕೈಕೂಸಿನ ಬಗ್ಗೆ ಅಲ್ವಾ ಸಾರ್. ಇವರು ಇನ್‌ಕಮ್ ಟ್ಯಾಕ್ಸ್ ಕಟ್ಟೋ ಕೂಸು.

ಮಂಡಗದ್ದೆ ಹಕ್ಕಿ
ಸಾರ್ ಅಲ್ಲ, ಮೇಡಂ. ಶುರುವಾಗೋದು ನಾಲ್ಕು ತಿಂಗಳಿಂದ ಒಂದು ವರ್ಷದ ಒಳಗೆ, ನಿಜ. ಸಾಮಾನ್ಯವಾಗಿ ಬರ್ತಾ ಬರ್ತಾ ತಾನೇ ಮೂಲೆ ಸೇರುತ್ತೆ, ಮಗು ಅದಕ್ಕಾಗಿ ಅಳೋದೂ ಇಲ್ಲ. ಆದರೆ ಏನಾದರೂ ಕಳಕೊಳ್ಳುವ ಹೆದರಿಕೆ ಬಂದಾಗ ದೊಡ್ಡವರಾದ ಮೇಲೂ ಅದೇ ವಸ್ತು ಮತ್ತೆ ಬೇಕು ಅನಿಸಬಹುದು ಅಂತಲೂ ಅವರೇ ಬರೆದಿದ್ದಾರೆ.

ಎರಡನೇ ಶಿಫ್ಟು
ಹಾರ್ಲೋ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರ ಕೋತಿಮರಿ ಪ್ರಯೋಗವೂ ಇದೆಯಲ್ಲ, 1958ರದ್ದು. ತಂತಿಯ ಬೊಂಬೆ ಅಮ್ಮನಿಗೆ ಹಾಲಿನ ಬಾಟಲಿ ಕಟ್ಟಿದ್ರು, ಇನ್ನೊಂದು ಬೊಂಬೆ ಅಮ್ಮನಿಗೆ ಮೆತ್ತನೆ ಬಟ್ಟೆ ಸುತ್ತಿದ್ರು. ಮರಿಗಳು ಹಾಲಿಗೆ ಮಾತ್ರ ತಂತಿ ಹತ್ತಿರ ಹೋಗಿ ಬರ್ತಿದ್ವು, ಉಳಿದ ಹೊತ್ತೆಲ್ಲ ಬಟ್ಟೆ ಅಮ್ಮನನ್ನ ತಬ್ಬಿ ಕೂರ್ತಿದ್ವು.

ಬೇಲಿಗೂಟ
ಕೋತಿ ವಿಷಯ ಎತ್ತಬೇಡಿ. ಈ ಸಲ ಬಾಳೆ ಒಂದು ಗೊನೆ ಬಿಟ್ಟಿಲ್ಲ, ಏಲಕ್ಕಿ ಬುಡ ಕಿತ್ತಿವೆ.

ಹಲಸಿನ ಹಪ್ಪಳ
ಆ ಮರಿಗಳನ್ನ ಹುಟ್ಟಿದ ತಕ್ಷಣ ತಾಯಿಯಿಂದ ಬಿಡಿಸಿ ಮಾಡಿದ ಪ್ರಯೋಗ ಅದು. ಓದಿದಾಗ ನನಗೆ ಹೊಟ್ಟೆ ಕಿವಿಚಿದ ಹಾಗಾಯ್ತು.

ಗಾಂಧಿಬಜಾರ್ ಗಿರಾಕಿ
ನನಗೊಂದು ಡೌಟು. ಒಳಗಿನ ಹತ್ತಿ ಹಾಗೇ ಇಟ್ಟು ಹೊರಗಿನ ಬಟ್ಟೆ ಮಾತ್ರ ಬಿಚ್ಚಿ ಒಗೆದ್ರೆ? ಅಥವಾ ಬಟ್ಟೆ ಅದೇ, ಹತ್ತಿ ಹೊಸದು? ಯಾವುದು ದಿಂಬು, ಬಟ್ಟೆಯೋ ಹತ್ತಿಯೋ?

ಮಳೆಗಾಲದ ಮಾಣಿ
ಒಳ್ಳೇ ಪ್ರಶ್ನೆ. ನಾನು ಯೋಚನೆ ಮಾಡಿರಲಿಲ್ಲ. ನನಗೆ ಬೇಕಿರೋದು ಆ ಮೂಲೆ, ಆಮೇಲೆ ವಾಸನೆ. ವಾಸನೆ ಎಲ್ಲಿದೆ ಗೊತ್ತಿಲ್ಲ. ಬೇಸಿಗೆಯಲ್ಲಿ ಹಳೇ ಟ್ರಂಕು ತೆಗೆದ ಹಾಗಿರುತ್ತೆ, ಮಳೆಗಾಲದಲ್ಲಿ ಸ್ವಲ್ಪ ಮಣ್ಣಿನ ತರ.

ಮಂಡಗದ್ದೆ ಹಕ್ಕಿ
ವಾಸನೆಗೆ ಮಿದುಳಲ್ಲಿ ಅಡ್ಡದಾರಿ ಇದೆ. ನೋಡಿದ್ದು, ಕೇಳಿದ್ದು ಎಲ್ಲ ಒಂದು ಕಟ್ಟೆ ದಾಟಿ ಹೋಗಬೇಕು. ವಾಸನೆ ಮಾತ್ರ ಆ ಕಟ್ಟೆಗೆ ಕಾಯದೆ ನೆನಪು ಮತ್ತು ಭಾವನೆಯ ಭಾಗಗಳಿಗೆ ನುಗ್ಗುತ್ತೆ. ಅದಕ್ಕೇ ಮೂಸಿದ ಕೂಡಲೇ ಹಳೇದೆಲ್ಲ ಎದ್ದು ಬರೋದು. ಸೋಪು ಹಾಕಿದ್ರೆ ಅಷ್ಟೇ, ಹೋಯ್ತು.

ಬೇಲಿಗೂಟ
ಬೂರುಗದ ಹತ್ತಿ ಅಂದಿದ್ದಕ್ಕೆ ಹೇಳ್ತೀನಿ, ದಿಂಬಿನ ಪರ ಅಂತ ತಿಳೀಬೇಡಿ. ಅದನ್ನ ಒಗೆಯೋಕೆ ಬರಲ್ಲ. ಬೂರುಗದ ಎಳೆ ಒಳಗೆ ಟೊಳ್ಳು, ಮೇಲೆ ಮೇಣ ಸವರಿದ ಹಾಗಿರುತ್ತೆ. ಎಳೆ ಗಿಡ್ಡ, ಜಾರುತ್ತೆ, ನೂಲು ತೆಗೆಯೋಕೂ ಆಗಲ್ಲ. ನೀರಲ್ಲಿ ತೇಲುತ್ತೆ ಅಂತ ಹಿಂದೆ ಹಡಗಿನವರು ಜೀವ ಉಳಿಸೋ ಜಾಕೆಟ್ ಒಳಗೆ ಬೂರುಗದ ಜಾತಿ ಹತ್ತಿನೇ ತುಂಬ್ತಿದ್ರು.

ಗಾಂಧಿಬಜಾರ್ ಗಿರಾಕಿ
ನೀರು ಹಿಡಿಯಲ್ಲ ಅಂದ್ಮೇಲೆ ಒಗೀಬಹುದಲ್ವಾ?

ಬೇಲಿಗೂಟ
ಪೇಟೆಯವರ ಬುದ್ಧಿ. ಕುಕ್ಕಿ ಹಿಂಡಿದ್ರೆ ಎಳೆ ಮುರಿದು ಉಂಡೆಗಟ್ಟುತ್ತೆ. ಬಟ್ಟೆ ಅಂತೂ ನೆನೆಯುತ್ತೆ, ಈ ಮಳೇಲಿ ಅದು ಒಣಗೋದು ಯಾವಾಗ? ಬಿಸಿಲಿಗೆ ಇಡಬೇಕು, ಕೋಲಲ್ಲಿ ಮೆಲ್ಲಗೆ ತಟ್ಟಬೇಕು. ಬಿಸಿಲಿಲ್ಲ ಅಂದ್ರೆ ಬಚ್ಚಲ ಒಲೆ ಮೇಲಿನ ತಟ್ಟಿ.

ಕೊಟ್ಟೆಕಡುಬು
ದಿಂಬು ಒಲೆಗೆ ಹಾಕಿ ಅಂದವರು ಈಗ ಒಲೆ ಮೇಲಕ್ಕೆ ಬಂದಿದ್ದಾರೆ. ಪ್ರಗತಿ.

ಜಗಲಿಕಟ್ಟೆ
ವಿಷಯಾಂತರಕ್ಕೆ ಕ್ಷಮಿಸಿ, ಹಳೇ ಸೀರೆಯ ಮಾತು ಬಂತಲ್ಲ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆ ಸೇರಿಸಿ ಕವಂದಿ ಅನ್ನೋ ಹೊದಿಕೆ ಹೊಲೀತಾರೆ. ನಾಲ್ಕು ಮೂಲೆಗೂ ಬಟ್ಟೆಯ ಹೂವು ಕೂರಿಸ್ತಾರೆ, ಅದಕ್ಕೆ ಫುಲಾ ಅಂತಾರೆ. ಅದಿಲ್ಲದಿದ್ರೆ ಕವಂದಿ ಬೆತ್ತಲೆ ಅನ್ನೋ ಮಾತಿದೆ. ಮೂಲೆ ಅಂದಿದ್ದಕ್ಕೆ ನೆನಪಾಯ್ತು.

ಕೊಟ್ಟೆಕಡುಬು
ಇದೂ ವಿಷಯಾಂತರವೇ. ಕಳಲೆ ಎಷ್ಟು ದಿನ ನೆನೆಸಬೇಕು? ನಿನ್ನೆ ಸಂತೆಯಲ್ಲಿ ಸಿಕ್ಕಿತು.

ಹೊಸನಗರ ಅತ್ತಿಗೆ
ಎಲ್ಲರೂ ಏನೇನೋ ಹೇಳ್ತಿದ್ದೀರಿ, ಒಂದು ಮುಖ್ಯ ಪ್ರಶ್ನೆ ಯಾರೂ ಕೇಳಿಲ್ಲ. ಅಜ್ಜಿ ಅಂದ್ರೆ ಯಾರ ಅಮ್ಮ? ಅಮ್ಮನ ಅಮ್ಮನಾ, ಅಪ್ಪನ ಅಮ್ಮನಾ?

ಮಳೆಗಾಲದ ಮಾಣಿ
ಅಪ್ಪನ ಅಮ್ಮ.

ಹೊಸನಗರ ಅತ್ತಿಗೆ
ಅಷ್ಟೇ ನೋಡಿ. ಅತ್ತೆ ಸೊಸೆ ಹೇಗಿದ್ರು?

ಮಳೆಗಾಲದ ಮಾಣಿ
ನಾನು ಇದನ್ನ ಬರೆಯಬಾರದು ಅಂದ್ಕೊಂಡಿದ್ದೆ. 22 ವರ್ಷ ಒಂದೇ ಅಡುಗೆಮನೆ. ಜಗಳ ಕೂಗಾಟ ಇರಲಿಲ್ಲ, ಮಾತೇ ಇರಲಿಲ್ಲ ಅನ್ನಬೇಕು. ಉಪ್ಪು ಬೇಕಿದ್ರೆ "ಅಜ್ಜಿಗೆ ಉಪ್ಪು ಕೊಡೋ" ಅಂತ ನನ್ನ ಮೂಲಕ ಹೋಗ್ತಿತ್ತು. ನನ್ನನ್ನ ಮಲಗಿಸ್ತಿದ್ದಿದ್ದು ಅಜ್ಜಿಯೇ. ಅಮ್ಮ ಕೊಟ್ಟಿಗೆ, ತೋಟದ ಆಳುಗಳ ಊಟ ಅಂತ ಹನ್ನೊಂದು ಗಂಟೆ ತನಕ ಮುಗಿಸ್ತಿರಲಿಲ್ಲ. ನಾನು ಎಂಟನೇ ಕ್ಲಾಸಿಗೆ ಹಾಸ್ಟೆಲ್ ಸೇರಿದಾಗ ಅಮ್ಮ ಹೊಸ ಹಾಸಿಗೆ, ಹೊಸ ದಿಂಬು ಕೊಡಿಸಿದ್ರು. ನಾನು ಇದನ್ನ ಕದ್ದು ತಗೊಂಡು ಹೋದೆ. ಅಮ್ಮನಿಗೆ ಕಾಣಬಾರದು ಅಂತ ಆವತ್ತಿಂದ ಮುಚ್ಚಿಡೋದು ಶುರುವಾಗಿದ್ದು. ಗಂಡಸು, ವಯಸ್ಸು, ಅದೆಲ್ಲ ಆಮೇಲೆ ಸೇರಿಕೊಂಡಿದ್ದು.

ಎರಡನೇ ಶಿಫ್ಟು
ಓಹ್.

ಹೊಸನಗರ ಅತ್ತಿಗೆ
ನಾನೂ ಸೊಸೆ, ನನಗೂ ಮಗ ಇದ್ದಾನೆ, ಅದಕ್ಕೆ ನೇರ ಹೇಳ್ತೀನಿ. ಬೇಸರ ಮಾಡ್ಕೋಬೇಡಿ. ಮುಖ ಕಿವಿಚಿದ್ದು ನಾತಕ್ಕಲ್ಲ. ಇಡೀ ದಿನ ಕೊಟ್ಟಿಗೆ ಬಾಚೋ ಹೆಂಗಸಿಗೆ ಒಂದು ದಿಂಬಿನ ನಾತ ಯಾವ ಲೆಕ್ಕ? ತಾನು ಒಲೆ ಮುಂದೆ ಬೇಯ್ತಿದ್ದಾಗ ಮಗುವನ್ನ ತಬ್ಬಿ ಮಲಗಿದ್ದು ಅವರು. ಈಗ ಅವರಿಲ್ಲ, ದಿಂಬು ಇದೆ, ಮಗ ಈಗಲೂ ಅದನ್ನೇ ತಬ್ಬಿ ಮಲಗ್ತಾನೆ. ನನ್ನ ಮಗ ಹೀಗೆ ಮಾಡಿದ್ದಿದ್ರೆ ನನಗೂ ಉರೀತಿತ್ತು, ಸುಳ್ಳು ಯಾಕೆ ಹೇಳಲಿ.

ಅವರಿಗೆ ವಿನಿಕಾಟ್ ಬೇಡ. "ಅಜ್ಜಿ ನೆನಪು" ಅಂತ ಭಾಷಣನೂ ಬೇಡ, ಅದಂತೂ ಗಾಯಕ್ಕೆ ಖಾರ. ಅದನ್ನ ಹೇಗೆ ಇಟ್ಟುಕೊಳ್ಳಬೇಕು ಅನ್ನೋದಷ್ಟೇ ಹೇಳಿ. "ಅಮ್ಮಾ ಅದನ್ನ ನೆನೆಹಾಕಬೇಡ, ನನಗೆ ಮಲಗುವಾಗ ಬೇಕು." ಒಂದು ಸಾಲು. ಆಮೇಲೆ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ. ಅವರು ಏನಾದ್ರೂ ಅಂತಾರೆ, ಅನ್ನಿಸ್ಕೊಳ್ಳಿ.

ಗಾಂಧಿಬಜಾರ್ ಗಿರಾಕಿ
ಅವರ ರೂಮು, ಅವರ ವಸ್ತು. ಯಾಕೆ ಅನ್ನಿಸ್ಕೋಬೇಕು? ಬಾಗಿಲಿಗೆ ಚಿಲಕ ಹಾಕಿಸಿ.

ಹಲಸಿನ ಹಪ್ಪಳ
ಮಲೆನಾಡ ಮನೆ ನೋಡಿದ್ದೀರಾ ನೀವು? ಒಳಕೋಣೆಗೆ ಹಗಲು ಚಿಲಕ ಬಿತ್ತು ಅಂದ್ರೆ ಒಂದೋ ಜ್ವರ, ಇಲ್ಲ ಜಗಳ. ಐದು ನಿಮಿಷದಲ್ಲಿ ಮೂರು ಜನ ಬಾಗಿಲು ಬಡೀತಾರೆ.

ಜಗಲಿಕಟ್ಟೆ
ಮಾಣಿ ಅವರೇ, ಒಂದು ಮಾತು. ದಿಂಬು ಇರಲಿ, ಏನೂ ತೊಂದರೆ ಇಲ್ಲ. ಆದರೆ ದಿಂಬು ಇದ್ದೂ ನಿದ್ದೆ ಬರ್ತಿಲ್ಲ, ಮನಸ್ಸು ಸರಿ ಇಲ್ಲ ಅನ್ನೋ ಹಾಗಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಮಳೆಗಾಲದ ಮಾಣಿ
ಥ್ಯಾಂಕ್ಸ್. ಹಾಗೇನಿಲ್ಲ, ಗೊರಕೆ ಹೊಡೆಯೋಷ್ಟು ನಿದ್ದೆ ಬರುತ್ತೆ. ಇವತ್ತು ರಾತ್ರಿ ಹೇಳಿ ನೋಡ್ತೀನಿ.

ಸಾಗರದಕ್ಕ
ತಮ್ಮಾ, ಊಟ ಆದ ಮೇಲೆ ಹೇಳು. ಮೊದಲೇ ಹೇಳಿ ಅವರ ಊಟ ಕೆಡಿಸಬೇಡ.

ಮಳೆಗಾಲದ ಮಾಣಿ
ಹೇಳಿದೆ. ಕೆಟ್ಟದಾಗಿ ಹೇಳಿದೆ.

ಅಮ್ಮ ಮೊಸರಿಗೆ ಹೆಪ್ಪು ಹಾಕ್ತಿದ್ರು. "ಅಮ್ಮಾ, ಅದನ್ನ ನೆನೆಹಾಕಬೇಡ" ಅಂದೆ. "ಯಾವ್ದನ್ನ?" ಅಂದ್ರು, ಗೊತ್ತಿದ್ದೂ. "ದಿಂಬು. ಮಲಗುವಾಗ ಬೇಕು." ಅಷ್ಟು ಹೇಳಿ ಸುಮ್ಮನೆ ನಿಲ್ಲಬೇಕಿತ್ತು. ನಿಲ್ಲೋಕಾಗದೆ "ಇಂಗ್ಲೆಂಡಲ್ಲಿ ಒಬ್ಬ ಡಾಕ್ಟ್ರು" ಅಂತ ಶುರು ಮಾಡಿಬಿಟ್ಟೆ.

ಮಂಡಗದ್ದೆ ಹಕ್ಕಿ
ಅಯ್ಯೋ.

ಹೊಸನಗರ ಅತ್ತಿಗೆ
ಹೇಳಿದ್ದೇನು, ಮಾಡಿದ್ದೇನು!

ಮಳೆಗಾಲದ ಮಾಣಿ
ಅಮ್ಮ ಪೂರ್ತಿ ಕೇಳಿಸ್ಕೊಂಡ್ರು. ಕೊನೆಗೆ "ಸತ್ತು ಆರು ವರ್ಷ ಆಯ್ತು, ಇನ್ನೂ ನನ್ನ ಮನೆಯಲ್ಲೇ ಮಲಗ್ತಾರೆ ಆ ಮುದುಕಿ" ಅಂದ್ರು. ಸಿಟ್ಟಲ್ಲಿ ಅಂದ್ರೋ ನಗ್ತಾ ಅಂದ್ರೋ ಗೊತ್ತಾಗಲಿಲ್ಲ, ಬೆನ್ನು ನನ್ನ ಕಡೆ ಇತ್ತು. ಆಮೇಲೆ ಹೆಪ್ಪಿನ ಪಾತ್ರೆ ಮುಚ್ಚಿ, "ತೊಳೀಬೇಡ ಅಂದ್ರೆ ತೊಳೆಯಲ್ಲ. ಅದನ್ನ ಹೇಳೋಕೆ ಮೂರು ದಿನ ಬೇಕಾ?" ಅಂತ ಲೈಟ್ ಆರಿಸಿ ಹೋದ್ರು. ನಾನು ಕತ್ತಲೆಯಲ್ಲಿ ನಿಂತಿದ್ದೆ.

ಕೊಟ್ಟೆಕಡುಬು
ಮೂರು ದಿನ ಮೂವತ್ತು ಜನ ತಲೆ ಕೆಡಿಸ್ಕೊಂಡಿದ್ದು ಇದಕ್ಕಾ?

ಸಾಗರದಕ್ಕ
ಲೈಟ್ ಆರಿಸಿ ಹೋದ್ರು ಅಂದ್ರೆ ಒಪ್ಪಿದ್ದಾರೆ ಅಂತ. ಒಪ್ಪದಿದ್ರೆ ಪಾತ್ರೆ ಸದ್ದು ಕೇಳಿರೋದು.

ಮಳೆಗಾಲದ ಮಾಣಿ
ಭಾನುವಾರದ ಸುದ್ದಿ, ಕೇಳಿದ್ದವರಿಗೆಲ್ಲ.

ಬೆಳಿಗ್ಗೆ ಎದ್ದು ನೋಡಿದ್ರೆ ಕಪಾಟಿನ ಮೇಲೆ ದಿಂಬಿಲ್ಲ. ಎದೆ ಧಸಕ್ ಅಂತು. ಬಚ್ಚಲಿಗೆ ಓಡಿದ್ರೆ ಒಲೆ ಮೇಲಿನ ತಟ್ಟಿಯಲ್ಲಿ, ನನ್ನ ಎರಡು ಚಡ್ಡಿ ಮತ್ತು ಒಂದು ಗೋಣಿಚೀಲದ ಪಕ್ಕ ಮಲಗಿತ್ತು. ಅಮ್ಮ ಆಗಾಗ ಬಂದು ಮಗುಚಿ ಹಾಕ್ತಿದ್ರು, ರೊಟ್ಟಿ ತಿರುಗಿಸಿದ ಹಾಗೆ. ಮಧ್ಯಾಹ್ನ ತಂದು ಕೊಟ್ಟು, "ಒಳಗೆ ಹತ್ತಿ ಗಂಟು ಕಟ್ಟಿದೆ, ಒಂದು ಕಡೆ ಬಿಚ್ಚಿ ಹಿಂಜಲಾ?" ಅಂತ ಕೇಳಿದ್ರು. ಕೇಳಿದ್ರು ಅನ್ನೋದೇ ದೊಡ್ಡದು. ಈ ಮೂಲೆ ಬಿಟ್ಟು ಎಲ್ಲಿ ಬೇಕಾದ್ರೂ ಬಿಚ್ಚು ಅಂದೆ.

ಜಗಲಿಯಲ್ಲಿ ಕೂತು ಇಬ್ಬರೂ ಹಿಂಜಿದ್ವಿ. ಬೂರುಗದ ಹತ್ತಿ ಗೊತ್ತಲ್ಲ, ಉಸಿರು ಬಿಟ್ರೂ ಹಾರುತ್ತೆ, ಅಪ್ಪನ ಕಾಫಿ ಲೋಟಕ್ಕೆ ಬಿತ್ತು, ಅಮ್ಮನ ಹುಬ್ಬಿಗೆ ಅಂಟಿತು. ಒಳಗಿಂದ ಕಪ್ಪಗೆ ಮೆಣಸಿನ ಕಾಳಿನ ಗಾತ್ರದ ಬೀಜ ಸಿಕ್ಕವು, ಒಂದಲ್ಲ ಎರಡಲ್ಲ, ಹದಿನಾಲ್ಕು. ಅಮ್ಮ ಒಂದೊಂದಾಗಿ ಅಂಗೈ ಮೇಲೆ ಇಟ್ಟು ಎಣಿಸಿದ್ರು. "ನೋಡು ನಿನ್ನ ಅಜ್ಜಿ ಕೆಲಸ. ಕೂಸಿನ ದಿಂಬು ಅಂತ ಗೊತ್ತಿದ್ದೂ ಬೀಜ ತೆಗೆದಿಲ್ಲ. ನಾನು ಆವತ್ತೇ ಹೇಳಿದ್ದೆ." ಅಪ್ಪ ಕಾಫಿಯಿಂದ ಹತ್ತಿ ತೆಗೀತಾ "28 ವರ್ಷದ ಹಿಂದಿನದ್ದು ಬಿಡೇ" ಅಂದ್ರು. "ನೀವು ಸುಮ್ನಿರಿ" ಅಂತ ಅವರಿಗೂ ಆಯ್ತು. ಸಂಜೆ ತನಕ ಅದೇ ಮಾತು, ಬಹಳ ಖುಷಿಯಲ್ಲಿದ್ರು.

ಹೊಲಿದು ಕೊಟ್ಟಿದ್ದಾರೆ. ಮೂಲೆ ಹಾಗೇ ಇದೆ. ವಾಸನೆ ಮಾತ್ರ ಪೂರ್ತಿ ಹೊಗೆ. ರಾತ್ರಿ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ, ಆಮೇಲೆ ಬಂತು.

ಹೊಸನಗರ ಅತ್ತಿಗೆ
ಹದಿನಾಲ್ಕು ಬೀಜ ಅಂದ್ರೆ ನಿಮ್ಮ ಅಮ್ಮ ಹೇಳಿದ್ದು ಸರಿ. ಅದು ಕೆಲಸಗಳ್ಳತನ.

ಬೇಲಿಗೂಟ
ಹಿಂಜಿದ ಮೇಲೆ ಹತ್ತಿ ಕಮ್ಮಿ ಆಗಿರಬೇಕಲ್ಲ. ನಮ್ಮ ಬೇಲಿ ಮೇಲೆ ಒಂದು ಬೂರುಗ ಇದೆ, ಕೆಂಪು ಹೂವಿನದ್ದು, ಮುಳ್ಳಿರುತ್ತೆ. ಬೇಸಿಗೆಯಲ್ಲಿ ಕಾಯಿ ಒಡೆಯೋ ಮೊದಲು ಕೊಯ್ಕೋಬೇಕು, ಒಡೆದ್ರೆ ಗಾಳಿ ಪಾಲು. ಬೇಕಿದ್ರೆ ಹೇಳಿ, ತೆಗೆದಿಡ್ತೀನಿ. ಬೀಜ ನೀವೇ ತೆಗೀಬೇಕು.

ಹಲಸಿನ ಹಪ್ಪಳ
ಸಂಚಿ ಬೇರೆ ದಿಂಬು ಬೇರೆ ಅಂದವರು ಯಾರೋ ಇದ್ರು ಇಲ್ಲಿ.

ಬೇಲಿಗೂಟ
ಈಗಲೂ ಬೇರೆನೇ.

ಕೊಟ್ಟೆಕಡುಬು
ಕಳಲೆ ಎಷ್ಟು ದಿನ ನೆನೆಸಬೇಕು ಅಂತ ಯಾರೂ ಹೇಳಲೇ ಇಲ್ಲ.

ಸಾಗರದಕ್ಕ
ಮೂರು ದಿನ. ದಿನಾ ನೀರು ಬದಲಾಯಿಸು.